ಮೈಕಮ್ಮನ ಸುದ್ದಿ

"ಊಟ ಆಯ್ತಾ ಅಣ್ಣಾ?"

ಅಷ್ಟೇ ಅವಳು ಕೇಳಿದ್ದು. ಫೋನಿನ ಆ ತುದಿಯಲ್ಲಿ ಕುರ್ಚಿಯ ಮೇಲೆ ಕುರ್ಚಿ ಪೇರಿಸುವ ಟಪಟಪ ಸದ್ದು ಬರುತ್ತಿತ್ತು, ಅದು ತಟ್ಟನೆ ನಿಂತಿತು. ಅಣ್ಣನದು ಸಮಾರಂಭಗಳಿಗೆ ಕುರ್ಚಿ, ಟೇಬಲ್ಲು ಬಾಡಿಗೆಗೆ ಕೊಡುವ ಅಂಗಡಿ. ಹಗಲು ಹೊತ್ತಿನಲ್ಲಿ ಅಲ್ಲಿ ಅಷ್ಟು ಮೌನ ಅವಳು ಯಾವತ್ತೂ ಕೇಳಿದವಳಲ್ಲ.

"ಯಾಕೆ?" ಅಂದ ಅಣ್ಣ. ದನಿ ಆಗಲೇ ಇಳಿದಿತ್ತು. "ಯಾಕೆ ಕೇಳ್ತಿದ್ದೀಯ?"

ಬೇರೆ ಮನೆಗಳಲ್ಲಿ ಊಟ ಆಯ್ತಾ ಅಂದರೆ ಆಯ್ತು, ನಿಂದಾಯ್ತಾ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಇವರ ಮನೆಯಲ್ಲಿ ಮಾತ್ರ, ಅದೂ ಅವಳ ಬಾಯಿಂದ, ಹೊತ್ತಲ್ಲದ ಹೊತ್ತಿನಲ್ಲಿ ಆ ಮಾತು ಬಂತೆಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತಿತ್ತು. ಅದಕ್ಕೆ ಕಾರಣವಿತ್ತು.

ಅವಳಿಗೆ ಕೆಲಸ ಬಸ್ ನಿಲ್ದಾಣದಲ್ಲಿ. ವಿಚಾರಣೆ ಕೊಠಡಿಯ ಗಾಜಿನ ಹಿಂದೆ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ಇವತ್ತು ಬರುವುದೇ ಇಲ್ಲ ಅಂತ ದಿನವಿಡೀ ಹೇಳುವುದು. ಕೊನೆಯ ಬಸ್ಸು ರದ್ದಾಗಿದೆ ಅನ್ನುವುದನ್ನೂ ಅವಳು ಎಷ್ಟು ಹದವಾಗಿ ಹೇಳುತ್ತಿದ್ದಳೆಂದರೆ, ಬೈಯಲು ಬಂದ ಜನ ಗಾಜಿನ ಮುಂದೆ ನಿಂತು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಡ್ರೈವರು ಕಂಡಕ್ಟರುಗಳು ಇಟ್ಟ ಹೆಸರು ಮೈಕಮ್ಮ. ಅದು ಅವಳ ಹಿಂದೆಯೇ ಮನೆಗೂ ಬಂದು ಅಲ್ಲೇ ಠಿಕಾಣಿ ಹೂಡಿತ್ತು.

ಇಂಥ ಗಂಟಲು ಮನೆಯಲ್ಲೇ ಇರುವಾಗ ಕೆಟ್ಟ ಸುದ್ದಿ ಹೇಳುವ ಕೆಲಸ ಇನ್ಯಾರ ತಲೆಗೆ ಬೀಳುತ್ತದೆ? ಅಪ್ಪ ಹೋದಾಗ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿದ್ದು ಅವಳು. ತಂಗಿಯ ಬಸಿರು ನಿಲ್ಲದೆ ಹೋದಾಗ ತಂಗಿಯ ಅತ್ತೆಗೆ ಹೇಳಿದ್ದು ಅವಳು. ಚಿಕ್ಕಪ್ಪನ ಕಾಲು ತೆಗೆಯಬೇಕಂತೆ ಅನ್ನುವುದನ್ನು ಸ್ವತಃ ಚಿಕ್ಕಪ್ಪನಿಗೇ ಹೇಳಿದ್ದು ಅವಳು. ಅಷ್ಟೇಕೆ, ಅವಳ ಗಂಡ ಎದೆನೋವು ಅಂತ ಹೋಗಿ ವಾಪಸ್ ಬಾರದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರಿಗೂ ಹೇಳಿದ್ದೂ ಅವಳೇ. ಅದಕ್ಕೊಂದು ಕ್ರಮ ಮಾಡಿಕೊಂಡಿದ್ದಳು. ಮೊದಲು ಊಟ ಆಯ್ತಾ ಅಂತ ಕೇಳುವುದು, ಯಾಕೆಂದರೆ ಆಮೇಲೆ ಯಾರ ಗಂಟಲಲ್ಲೂ ತುತ್ತು ಇಳಿಯುವುದಿಲ್ಲ. ನಂತರ ಕೂತ್ಕೋ ಅನ್ನುವುದು. ನಂತರ ಸುತ್ತಿ ಬಳಸದೆ ಒಂದೇ ಮಾತಿನಲ್ಲಿ ಹೇಳಿಬಿಡುವುದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಕೇಳುವವರು ಎರಡೆರಡು ಸಲ ಸಾಯುತ್ತಾರೆ ಅನ್ನುವುದು ಅವಳ ಅನುಭವ.

"ಮೈಕಮ್ಮಾ, ಮಾತಾಡೇ," ಅಂದ ಅಣ್ಣ.

"ಕೂತ್ಕೋ ಅಣ್ಣಾ."

ಮೂರನೆಯದು ಬರಲಿಲ್ಲ. ಮಾತು ಸಿದ್ಧವಾಗಿತ್ತು. ಬೆಳಿಗ್ಗೆಯಿಂದ ಒಳಗೊಳಗೇ ಹೇಳಿ ಹೇಳಿ ತಿದ್ದಿಕೊಂಡಿದ್ದಳು. ನನಗೆ ಎದೆಯಲ್ಲಿ ಕ್ಯಾನ್ಸರಂತೆ ಅಣ್ಣ, ನಾಳೆ ನನ್ನ ಜೊತೆ ಆಸ್ಪತ್ರೆಗೆ ಬಾ. ಇಷ್ಟೇ ತಾನೆ? ಊರವರ ಸಾವನ್ನೆಲ್ಲ ಸಲೀಸಾಗಿ ಹೇಳಿದ ಗಂಟಲು ತನ್ನ ಸರದಿ ಬಂದಾಗ ಕೈಕೊಟ್ಟಿತು. ಕೊನೆಗೆ ಹೊರಬಿದ್ದದ್ದು ಒಂದು ಬಿಕ್ಕು, ಅದರ ಹಿಂದೆ ಇನ್ನೊಂದು.

ಅವಳು ಅತ್ತದ್ದನ್ನು ಅಣ್ಣ ಯಾವತ್ತೂ ಕೇಳಿರಲಿಲ್ಲ. "ಅಯ್ಯೋ ದೇವರೇ," ಅಂದ. "ಅಮ್ಮಾನಾ? ಲೇ ಮೈಕೂ, ಅಮ್ಮಾನಾ?"

ಅಷ್ಟರಲ್ಲಿ ನಿಲ್ದಾಣದ ಕಂಟ್ರೋಲರು ಗಾಜಿನ ಮೇಲೆ ಉಂಗುರದಿಂದ ಕುಟ್ಟಿದರು. ಬಸ್ಸೊಂದು ತಪ್ಪು ಜಾಗಕ್ಕೆ ಬಂದು ನಿಂತಿತ್ತು, ಜನ ಗಂಟುಮೂಟೆ ಹೊತ್ತು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದರು. ಅವಳು ಫೋನ್ ಕಟ್ ಮಾಡಿ ಮೈಕಿನ ಗುಂಡಿ ಒತ್ತಿದಳು. "ಪ್ರಯಾಣಿಕರು ದಯವಿಟ್ಟು ಗಮನಿಸಬೇಕು," ಅಂದಳು. ದನಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಅದನ್ನು ಕೇಳಿ ಅವಳಿಗೇ ಹೆದರಿಕೆಯಾಯಿತು.

ಎಡಗಡೆಯ ಎದೆಯ ಆ ಗಂಟು ಮೊದಲು ಸಿಕ್ಕಿದ್ದು ಸ್ನಾನದ ಮನೆಯಲ್ಲಿ, ಸೋಪಿನ ಕೈಗೆ. ಏನೂ ಇರಲಿಕ್ಕಿಲ್ಲ, ಸುಮ್ಮನೆ ಎಲ್ಲರ ತಲೆ ಯಾಕೆ ಕೆಡಿಸುವುದು ಅಂತ ಒಬ್ಬಳೇ ಆಸ್ಪತ್ರೆಗೆ ಅಲೆದಳು. ಸೂಜಿ ಹಾಕಿ ಚೂರು ತೆಗೆದುಕೊಂಡರು. ಇವತ್ತು ಬೆಳಿಗ್ಗೆ ಅದರ ಉತ್ತರ ಬಂದಿತ್ತು. ಡಾಕ್ಟರಮ್ಮ ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವರು. "ಮನೆಯವರು ಯಾರೂ ಬಂದಿಲ್ವಾ?" ಅಂತ ಬಾಗಿಲ ಕಡೆ ನೋಡಿದರು. "ಇಲ್ಲ, ನಂಗೇ ಹೇಳಿ," ಅಂದಳು ಮೈಕಮ್ಮ. ಹೇಳಿದರು. ಆಮೇಲೆ ಅವರ ತುಟಿ ಆಡಿದ್ದಷ್ಟೇ ನೆನಪು. ಎದ್ದು ಬರುವಾಗ ಅವರು ಅಂದ ಮಾತೊಂದು ಮಾತ್ರ ತಲೆಯಲ್ಲಿ ಉಳಿದಿತ್ತು: "ನಾಳೆ ಬೆಳಿಗ್ಗೆ ಬನ್ನಿ, ಆಪರೇಷನ್ ಬಗ್ಗೆ ಎಲ್ಲಾ ಕೂತು ಮಾತಾಡೋಣ. ಒಬ್ಬರೇ ಮಾತ್ರ ಬರ್ಬೇಡಿ. ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಯಾರನ್ನಾದರೂ. ಅದಕ್ಕಿಂತ ಸಣ್ಣ ಕೋರಿಕೆ ಲೋಕದಲ್ಲಿ ಇರಲಾರದು. ನಿಲ್ದಾಣಕ್ಕೆ ಬಂದವಳೇ ಪಾಸ್ ಕೌಂಟರಿನ ಗೆಳತಿಯ ಹತ್ತಿರ ಹೋಗಿದ್ದಳು. ಇಬ್ಬರೂ ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಅವಳಿಗೆ ಅಷ್ಟೋ ಇಷ್ಟೋ ಹೇಗೋ ಹೇಳಿದಳು. ಹೇಳಿದ್ದೇ ತಡ, ಗೆಳತಿ ಅಳಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಪಾಸಿಗೆ ನಿಂತವರ ಸಾಲು ಬಾಗಿಲು ದಾಟಿ ಬೆಳೆಯಿತು. ಮೈಕಮ್ಮನೇ ನೀರು ಕುಡಿಸಿ, ಬೆನ್ನು ಸವರಿ, "ಏನೂ ಆಗಲ್ಲ ಸುಮ್ನಿರೇ, ಈಗೆಲ್ಲಾ ವಾಸಿ ಆಗುತ್ತೆ," ಅನ್ನಬೇಕಾಯಿತು.

"ನಾಳೆ ಜೊತೇಲಿ ಬರ್ತೀಯಾ?" ಅಂತಲೂ ಕೇಳಿದಳು.

ಗೆಳತಿಯ ಅಳು ಅರ್ಧಕ್ಕೆ ನಿಂತಿತು. "ಆಸ್ಪತ್ರೆ ವಾಸನೆಗೇ ನನ್ನ ತಲೆ ತಿರುಗುತ್ತಲ್ಲೇ, ನಿಂಗೊತ್ತಿಲ್ವಾ? ನಿನ್ನ ನೋಡ್ಕೊಳ್ಳೋದು ಬಿಟ್ಟು ಎಲ್ರೂ ನನ್ನ ನೋಡ್ಕೋಬೇಕಾಗುತ್ತೆ. ಮನೆಯವರಿದ್ದಾರಲ್ಲ, ಮೊದ್ಲು ಅವರಿಗೆ ಹೇಳು."

ಸುಳ್ಳೇನಲ್ಲ. ರಕ್ತದಾನದ ಶಿಬಿರದಲ್ಲಿ ಬೇರೆಯವರ ರಕ್ತ ನೋಡಿ ದೊಪ್ಪನೆ ಬಿದ್ದ ಹೆಣ್ಣು ಅದು. ಮೈಕಮ್ಮ ಹೂಂ ಅಂದು ತನ್ನ ಗಾಜಿನೊಳಗೆ ಬಂದು, ಅಣ್ಣನಿಗೆ ಫೋನ್ ಹಚ್ಚಿದ್ದು ಹೀಗೆ.

ಈಗ ಫೋನು ಮೇಜಿನ ಮೇಲೆ ಗುರ್ ಗುರ್ ಅಂತ ತಾನಾಗಿಯೇ ಜರುಗುತ್ತಿತ್ತು. ಅಣ್ಣ, ತಂಗಿ, ಮತ್ತೆ ಅಣ್ಣ. ಎತ್ತಿದರೆ ಮತ್ತದೇ ಬಿಕ್ಕು ಬರುತ್ತದೆ ಅನ್ನುವ ಭಯಕ್ಕೆ ಅವಳು ಎತ್ತಲಿಲ್ಲ. ಬಸ್ಸಿನ ಮೇಲೆ ಬಸ್ಸು ಬಂದವು. ಎಲ್ಲ ಹೇಳಿ ಮುಗಿಸಿ ನೋಡಿದರೆ ಫೋನು ತಣ್ಣಗಾಗಿತ್ತು. ಆಗ ಹೊಳೆಯಿತು ಅವಳಿಗೆ. ಅಮ್ಮಾನಾ ಅಂತ ಕೇಳಿದ್ದನಲ್ಲ! ಅಮ್ಮ ಇರುವುದು ಇವಳ ಜೊತೆ. ಮಧ್ಯಾಹ್ನ ಮಲಗಿದರೆ ಅಮ್ಮನಿಗೆ ಫೋನಲ್ಲ, ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳಿಸದು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹೋಗುವ ದಾರಿಯಲ್ಲಿದೆ. ಕಿವಿಗೆ ಮಿಷನ್ನು ಕೊಡಿಸಿದ್ದರು. ಕುಂಯ್ ಅನ್ನುತ್ತದೆ, ಅದಕ್ಕಿಂತ ಕಿವುಡೇ ವಾಸಿ ಅಂತ ಅಮ್ಮ ಅದನ್ನು ಕಿತ್ತೆಸೆದಿದ್ದಳು.

ಕಂಟ್ರೋಲರಿಗೆ ಹೇಳಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅಣ್ಣನ ನಂಬರ್ ಬ್ಯುಸಿ. ಅವನು ಬಂಧುಬಳಗಕ್ಕೆಲ್ಲ ಫೋನ್ ಮಾಡುತ್ತಿದ್ದ.

ಬೀದಿಯ ತಿರುವಿನಲ್ಲೇ ಕಂಡಿತು. ಅಣ್ಣನ ವ್ಯಾನು ಮನೆಯ ಮುಂದೆ ಅಡ್ಡಲಾಗಿ ನಿಂತಿದೆ. ಬಿಳಿ ಪ್ಲಾಸ್ಟಿಕ್ ಕುರ್ಚಿಗಳು ಬೀದಿಯ ಎರಡೂ ಬದಿಗೆ ಸಾಲುಗಟ್ಟಿವೆ. ಅಕ್ಕಪಕ್ಕದವರು ಅವುಗಳಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ.

"ಬಂದ್ಲು ನೋಡು ಮಹಾತಾಯಿ!" ಅಂತ ತಂಗಿ ಒಳಗಿನಿಂದಲೇ ಕೂಗಿದಳು. ತಂಗಿ ಚಿಕ್ಕ ಮಕ್ಕಳ ಶಾಲೆಯ ಟೀಚರು. ಅತ್ತು ಅತ್ತು ಅವಳ ಕಣ್ಣು ಊದಿತ್ತು, ಬಾಯಿ ಮಾತ್ರ ಕಿವಿಯವರೆಗೆ ಅಗಲವಾಗಿತ್ತು. "ಜೀವ ತೆಗೆದುಬಿಟ್ಯಲ್ಲೇ ಅಕ್ಕಾ!"

ನಡೆದದ್ದನ್ನು ಎಲ್ಲರೂ ಒಟ್ಟಿಗೇ ಹೇಳತೊಡಗಿದರು. ತಂಗಿ ಓಡಿ ಬಂದಾಗ ಅಮ್ಮ ಬಾಯಿ ತೆರೆದುಕೊಂಡು ಮಲಗಿದ್ದಳಂತೆ. ಕರೆದರೆ ಓಗೊಡಲಿಲ್ಲ, ಓಗೊಡುವುದಾದರೂ ಹೇಗೆ? ತಂಗಿ ಅಯ್ಯೋ ಅಮ್ಮಾ ಅಂತ ಮೈಮೇಲೆ ಬಿದ್ದಳು. ಅಮ್ಮ ಬೆಚ್ಚಿ ಎದ್ದು ಕಪಾಳಕ್ಕೆ ಒಂದು ಬಾರಿಸಿದಳು. ಅಷ್ಟು ಹೊತ್ತಿಗೆ ಅಣ್ಣ ಕುರ್ಚಿ ತುಂಬಿಕೊಂಡು ಬಂದು ಇಳಿಸಿಯೂ ಆಗಿತ್ತು.

"ಏನೇ ನಿನ್ನ ಅವತಾರ!" ಅಂದ ಅಣ್ಣ. ಹೋದ ಜೀವ ಬಂದವನ ಮುಖ ಅವನದು. "ಊಟ ಆಯ್ತಾ ಅಂತ ನೀನ್ಯಾಕೇ ಕೇಳ್ಬೇಕಿತ್ತು? ಚಿಕ್ಕಪ್ಪ ಊರಿಂದ ಹೊರಟುಬಿಟ್ಟಿದ್ರು, ಅರ್ಧ ದಾರೀಲಿ ವಾಪಸ್ ಕಳಿಸ್ದೆ."

ಅಮ್ಮ ನಡುಮನೆಯಲ್ಲಿ ರಾಣಿಯ ಹಾಗೆ ಕೂತಿದ್ದಳು. ಕಿಟಕಿಯಿಂದ ಕುರ್ಚಿಯ ಸಾಲು ನೋಡಿ, "ಇಷ್ಟೇನೇನೋ?" ಅಂದಳು ಗಟ್ಟಿಯಾಗಿ. "ನನ್ನ ಸಾವಿಗೆ ಇಷ್ಟೇ ಜನಾನಾ ಬರೋದು? ಇನ್ನೊಂದು ಲೋಡ್ ತರಿಸು."

ಮನೆ ಮತ್ತೆ ಘೊಳ್ಳೆಂದಿತು. ಮೈಕಮ್ಮನೂ ನಕ್ಕಳು. ಮುಖಕ್ಕೆ ಅಭ್ಯಾಸವಾಗಿತ್ತು, ಅದು ತನ್ನಷ್ಟಕ್ಕೆ ನಕ್ಕಿತು. ತಂಗಿ ಒಲೆಯ ಮೇಲೆ ಚಹಾಕ್ಕೆ ಇಟ್ಟಳು. ಅಣ್ಣನ ಫೋನಿಗೆ ಇನ್ನೂ ಸಂತಾಪದ ಕರೆಗಳು ಬರುತ್ತಿದ್ದವು. ಅವನು ಪ್ರತಿಯೊಬ್ಬರಿಗೂ, "ಇಲ್ಲ ಇಲ್ಲ, ಗುಂಡುಕಲ್ಲಿನ ಹಾಗಿದ್ದಾರೆ," ಅನ್ನುತ್ತಿದ್ದ. ಇಷ್ಟು ಸಂತೋಷ ಆ ಮನೆಗೆ ಬಂದು ಯಾವ ಕಾಲವಾಗಿತ್ತೋ! ಈ ನಗುವಿನ ನಡುವೆ ಯಾವ ಬಾಯಲ್ಲಿ ಹೇಳುವುದು? ಹೇಳದೆ ಬಿಟ್ಟರೆ ನಾಳೆ ಬೆಳಿಗ್ಗೆ ಮತ್ತೆ ಒಬ್ಬಳೇ ಆ ಕೋಣೆಯೊಳಗೆ ಹೋಗಿ ಕೂರಬೇಕು. ಬೇರೇನೂ ಬೇಡ, ಒಬ್ಬರು ಪಕ್ಕದಲ್ಲಿ ಕೂತಿದ್ದರೆ ಸಾಕು ಅಂತ ಅವಳ ಇಡೀ ಜೀವ ಅಂಗಲಾಚುತ್ತಿತ್ತು.

"ಅದು ಸರಿ," ಅಂದ ಅಣ್ಣ, ಚಹಾದ ಲೋಟ ತೆಗೆದುಕೊಳ್ಳುತ್ತ. "ನೀನು ಫೋನ್ ಮಾಡಿದ್ದು ಯಾತಕ್ಕೆ? ಅತ್ತಿದ್ದು ಯಾಕೆ?"

ಈಗಲ್ಲದಿದ್ದರೆ ಇಲ್ಲ. ಅವಳು ಉಸಿರು ಎಳೆದುಕೊಂಡಳು. ಬಂದದ್ದು ನಿಲ್ದಾಣದ ದನಿಯೇ. "ಎದೇಲಿ ಕ್ಯಾನ್ಸರ್ ಇದೆಯಂತೆ ಅಣ್ಣ. ಬೆಳಿಗ್ಗೆ ರಿಪೋರ್ಟ್ ಬಂತು."

"ಅಯ್ಯೋ ಪಾಪ," ಅಂದ ಅಣ್ಣ. ಅವನ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. "ಯಾರಿಗೆ?"

"ನಿನ್ನ ಫ್ರೆಂಡಿಗಾ ಅಕ್ಕಾ?" ಅಂದಳು ತಂಗಿ. "ಆ ಪಾಸ್ ಕೌಂಟರಿನವಳಿಗಾ?"

ಅವರನ್ನು ಏನನ್ನುವುದು? ಜನ್ಮವಿಡೀ ಕಂಡವರ ಸುದ್ದಿಯನ್ನೇ ತಂದವಳು ಅವಳು. ಟಪಾಲಿನವನಿಗೂ ಒಂದು ಕಾಗದ ಬರಬಹುದು ಅಂತ ಯಾರು ಯೋಚಿಸುತ್ತಾರೆ? ಆದರೆ ಅವಳಿಗೆ ಆ ಕ್ಷಣ ಆ ಚಹಾದ ಲೋಟ ಕಿತ್ತು ಗೋಡೆಗೆ ಬೀಸಬೇಕೆನ್ನಿಸುವಷ್ಟು ಸಿಟ್ಟು ಬಂತು.

"ನಂಗೆ," ಅಂದಳು. ಇಬ್ಬರೂ ನೋಡುತ್ತಲೇ ಇದ್ದರು. "ನಂಗೆ ಕಣೋ! ನಂಗೇ ಬಂದಿರೋದು!"

ಹೊರಗೆ ಕುರ್ಚಿಯಲ್ಲಿದ್ದವರು ಯಾರೋ ಏನೋ ತಮಾಷೆ ಹೇಳಿ ನಗುತ್ತಿದ್ದರು. ಒಳಗೆ ಅಣ್ಣ ಲೋಟವನ್ನು ಕೆಳಗಿಡಲು ಜಾಗ ಹುಡುಕಿ, ಸಿಗದೆ, ಕೈಯಲ್ಲೇ ಹಿಡಿದು ನಿಂತ.

"ಒಬ್ಬಳೇ ಹೋಗಿದ್ಯಾ?" ಅಣ್ಣನಿಗೆ ಸಿಟ್ಟೇ ಮೊದಲು ಬಂತು. "ಯಾರಿಗೂ ಒಂದು ಮಾತು ಹೇಳ್ದೆ? ಸತ್ತು ಹೋಗಿದ್ವಾ ನಾವು?" ಆಮೇಲೆ ದನಿ ತಗ್ಗಿಸಿ, "ರಿಪೋರ್ಟು ಅದಲುಬದಲಾಗಿರುತ್ತೆ. ನೋಡ್ತಿರು. ಬೇರೆ ಕಡೆ ತೋರ್ಸೋಣ," ಅಂದ. ಒಂದು ಸಾವು ಸುಳ್ಳಾದದ್ದನ್ನು ಈಗಷ್ಟೇ ಕಣ್ಣಾರೆ ಕಂಡಿದ್ದ. ಇದೂ ಹಾಗೇ ಸುಳ್ಳಾಗಲಿ ಅಂತ ಅವನ ಆಸೆ.

"ನಾಳೆ ಬೆಳಿಗ್ಗೆ ಬರೋಕೆ ಹೇಳಿದ್ದಾರೆ," ಅಂದಳು ಅವಳು. "ಯಾರಾದ್ರೂ ಒಬ್ರು ಜೊತೆಗೆ ಬರ್ಬೇಕಂತೆ."

"ನಾಳೇನಾ?" ಅಣ್ಣ ಹಣೆ ತಿಕ್ಕಿಕೊಂಡ. "ನಾಳೆ ದೊಡ್ಡ ಮದುವೆ ಆರ್ಡರ್ ಇದೆಯಲ್ಲೇ. ನಾಡಿದ್ದಿಗೆ ಹಾಕ್ಸೋಕಾಗಲ್ವಾ? ಬರಲ್ಲ ಅಂತಲ್ಲ. ಬರ್ತೀನಿ. ಅಂದ್ರೆ..."

"ನಮಗೆಲ್ಲ ನೀನೇ ಧೈರ್ಯ ಅಕ್ಕಾ," ಅಂತ ತಂಗಿ ಬಿಕ್ಕಿದಳು. "ನೀನೇ ಹಿಂಗಂದ್ರೆ ನಾವೇನು ಮಾಡೋಣ?"

ಅಮ್ಮ ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು. "ಏನಂತೋ?" ಅಂದಳು. "ಈಗ ನಗ್ತಿದ್ರಿ, ಯಾಕೆ ಎಲ್ರೂ ಮುಖ ಇಳಿಸಿದ್ರಿ? ನಾನಿನ್ನೂ ಸತ್ತಿಲ್ಲ!"

ಅವರಿಗೇ ಗೊತ್ತಿಲ್ಲದ ಹಾಗೆ, ಅಣ್ಣ ಮತ್ತು ತಂಗಿ ಇಬ್ಬರೂ ಮೈಕಮ್ಮನ ಕಡೆ ತಿರುಗಿದರು.

"ನೀನೇ ಹೇಳೇ," ಅಂದ ಅಣ್ಣ ಮೆಲ್ಲಗೆ. "ನೀನು ಹೇಳಿದ್ರೇನೇ ಅಮ್ಮಂಗೆ ಕೇಳ್ಸೋದು. ನಿಂಗೇ ಅದೆಲ್ಲ ಸರಿಯಾಗಿ ಬರೋದು."

ಅದು ನಿಜ. ಬಲಗಿವಿಯ ಹತ್ತಿರ ಬಗ್ಗಿ, ಕೂಗದೆ, ಒಂದೊಂದೇ ಅಕ್ಷರ ಬಿಡಿಸಿ ಹೇಳುವ ವಿದ್ಯೆ ಇವಳಿಗೊಬ್ಬಳಿಗೇ ಒಲಿದಿತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟಳು ಕೂಡ. ಅಮ್ಮ ಮುಖವೆತ್ತಿ, ಬಲಗಿವಿಯನ್ನು ಇವಳ ಕಡೆ ತಿರುಗಿಸಿ ಕಾದಳು. ಆ ಕಿವಿಯ ಹಿಂದಿನ ಬಿಳಿಕೂದಲನ್ನು ಬೆಳಿಗ್ಗೆ ಬಾಚಿದ್ದು ಇವಳೇ.

"ನನ್ನ ಕೈಲಿ ಆಗಲ್ಲ," ಅಂದಳು. "ಇದೊಂದನ್ನಾದ್ರೂ ನೀವು ಹೇಳ್ರೋ. ನಿಮ್ಮ ದಮ್ಮಯ್ಯ. ಇದೊಂದನ್ನ."

ಹಾಗಂದವಳೇ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ನಲ್ಲಿ ತಿರುಗಿಸಿದಳು, ನೀರಿನ ಸದ್ದಿಗೆ ಏನೂ ಕೇಳದಿರಲಿ ಅಂತ. ನೀರು ಬರಲಿಲ್ಲ. ಆ ಬಾಗಿಲೋ, ಹೆಸರಿಗೆ ಬಾಗಿಲು. ನಡುಮನೆಯಲ್ಲಿ ಅಣ್ಣ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು.

"ಅಮ್ಮಾ, ಇವಳಿಗೆ ಹುಷಾರಿಲ್ವಂತೆ."

"ಏನು?"

"ಹುಷಾರಿಲ್ವಂತೆ! ಮೈಕಮ್ಮಂಗೆ!"

"ಜೋರಾಗಿ ಹೇಳೋ. ಏನಾಗಿದೆ ಅವಳಿಗೆ?"

ಅಣ್ಣನಿಗೆ ಈ ಕೆಲಸ ಗೊತ್ತಿರಲಿಲ್ಲ. ಹಿಂದುಮುಂದು ಮಾಡಿದ. ಗಂಟು ಅಂದ, ಪರೀಕ್ಷೆ ಅಂದ, ಗಾಬರಿಯಾಗ್ಬೇಡ ಅಂದ. ಅಮ್ಮ ಪ್ರತಿಸಲವೂ ಏನು ಏನು ಅನ್ನುತ್ತಿದ್ದಳು. ಕೊನೆಗೆ ಅವನು ಲಾರಿಯವರನ್ನು ಕೂಗುವ ದನಿಯಲ್ಲಿ ಕೂಗಿದ. "ಕ್ಯಾನ್ಸರ್ ಅಮ್ಮಾ! ಎದೇಲಿ! ನಿನ್ನ ಮಗಳಿಗೆ ಕ್ಯಾನ್ಸರ್!"

ಹೊರಗೆ ಬೀದಿಯಲ್ಲಿ ನಗು ನಿಂತಿತು. ಕುರ್ಚಿಯೊಂದು ಕರ್ ಅಂತ ಜರುಗಿದ್ದು ಕೇಳಿಸಿತು.

ಅವಳು ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಬೆಳಿಗ್ಗೆಯಿಂದ ಆ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದರೂ ಅದು ಅವಳದಾಗಿರಲಿಲ್ಲ. ಇನ್ನೊಬ್ಬರ ಬಾಯಿಂದ, ಅಷ್ಟು ಒರಟಾಗಿ, ಅಷ್ಟು ಕೆಟ್ಟದಾಗಿ ಕೇಳಿದ ಮೇಲೆ ಅದು ನೇರ ಬಂದು ಅವಳ ಮೈಗೆ ಸೇರಿತು. ಸಾಯುತ್ತೇನೆ ಅನ್ನಿಸಿತು. ಸಾಯಲು ಇಷ್ಟವಿಲ್ಲ ಅನ್ನಿಸಿತು. ಎರಡೂ ಕೈಯಿಂದ ಎಡಗಡೆಯ ಎದೆಯನ್ನು ಅವುಚಿ ಹಿಡಿದು, ಬಾಯಿ ತೆರೆದು, ದನಿ ಹೊರಡದೆ ಅತ್ತಳು.

"ನಾಳೆ ಡಾಕ್ಟರು ಎಲ್ಲಾ ಹೇಳ್ತಾರಂತಮ್ಮಾ," ಅಂತ ಅಣ್ಣ ಕೂಗುತ್ತಲೇ ಇದ್ದ. ಅವನ ದನಿ ಒಡೆದಿತ್ತು. "ಯಾರಾದ್ರೂ ಜೊತೆಗೆ ಬರ್ಬೇಕಂತೆ! ಒಬ್ಬಳೇ ಕೇಳಿಸ್ಕೊಳ್ಳೋಕಾಗಲ್ಲ!" ಆಮೇಲೆ ಅವನು ಅಳುವ ಸದ್ದು. ಅದನ್ನು ಅವಳು ಅಪ್ಪ ಹೋದ ಮೇಲೆ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆ ಎಳೆಯುತ್ತ ಯಾರೋ ಬಂದರು. ಬಾಗಿಲ ಕೆಳಗಿನ ಬೆಳಕಿನಲ್ಲಿ ಎರಡು ಪಾದ ಬಂದು ನಿಂತವು. ಹಲಗೆಯ ಮೇಲೆ ಅಂಗೈ ಊರಿದ ಸದ್ದಾಯಿತು.

"ಲೇ ಮಗಾ," ಅಂದಳು ಅಮ್ಮ. "ನಾಳೆ ನಾನು ಬರ್ತೀನಿ ಕಣೇ ನಿನ್ನ ಜೊತೆ. ಇವರ್ಯಾರೂ ಬೇಡ. ಡಾಕ್ಟರು ಹೇಳೋದನ್ನೆಲ್ಲ ನಾನು ಕೇಳಿಸ್ಕೋತೀನಿ. ನೀನು ಸುಮ್ನೆ ಕೂತಿರು. ಕೇಳಿಸ್ತಾ?"

"ಹೂಂ ಅಮ್ಮಾ," ಅಂದಳು ಅವಳು.

"ಕೇಳಿಸ್ತೇನೇ?"

"ಕೇಳಿಸ್ತಮ್ಮಾ!"

"ಮಾತಾಡೇ ಮಗಾ. ನಾನು ಹೇಳಿದ್ದು ಕೇಳಿಸ್ತಾ ನಿಂಗೆ?"

ಇನ್ನೂ ಜೋರಾಗಿ ಹೇಳಲು ಬಾಯಿ ತೆರೆದಳು. ಗಂಟಲಲ್ಲಿ ಗಾಳಿಯಷ್ಟೇ ಇತ್ತು. ಚಿಲಕ ಮೇಲಿತ್ತು, ಎದ್ದು ತೆಗೆಯಲು ಕಾಲಲ್ಲಿ ಕಸುವಿರಲಿಲ್ಲ. ಹೊರಗೆ ಆ ಅಂಗೈ ಹಲಗೆಯನ್ನು ಮೇಲಿನಿಂದ ಕೆಳಗೆ ಸವರುತ್ತಿತ್ತು. ಅವಳು ತೆವಳಿಕೊಂಡು ಹತ್ತಿರ ಹೋಗಿ, ಒಳಗಿನಿಂದ, ಆ ಅಂಗೈಗೆ ತಾಗುವ ಹಾಗೆ, ಬಾಗಿಲನ್ನು ಕೈಯಿಂದ ಬಡಿಯತೊಡಗಿದಳು.